ಅಮ್ಮನ ನಗು ಕಂಡಿದ್ದ ಬಾಯಮ್ಮ

ಕನ್ನಡಕವನ್ನು ಹಣೆಗೇರಿಸಿ, ಮಸಾಲೆ ಅರೆದ ಕೈಯ ಎರಡು ಬೆರಳಿನಿಂದ ನಮ್ಮ ಗಲ್ಲ ಎತ್ತಿ ಹಿಡಿದರೆಂದರೆ ಮುಗಿಯಿತು, ಬಾಯಮ್ಮನ ತಪಾಸಣೆ ಶುರು. ಕೂಳೂರಿನ ನಮ್ಮ ಪಕ್ಕದ ಮನೆಯವರು, ಕೊಂಕಣಿ ಕ್ರೈಸ್ತರು. ನಾವು ತುಳುವರು ಅವರನ್ನು ಬಾಯಮ್ಮ ಎಂದೇ ಕರೆಯುತ್ತಿದ್ದೆವು. ಒಮ್ಮೆ ನೋಡಿದ ಮುಖವನ್ನು ಮರೆತವರಲ್ಲ.

ಅಪ್ಪ ತದ್ವಿರುದ್ಧ. ಒಂದು ಮದುವೆಯ ಊಟದಲ್ಲಿ ಯಾರೋ ಅಪ್ಪನ ಕೈಹಿಡಿದು, "ಗುರ್ತ ಸಿಕ್ಕಿತಾ?" ಎಂದರು.

"ಅಯ್ಯೋ, ಸಿಗದೆ ಇರ್ತದಾ!" ಎಂದು ನಕ್ಕ ಅಪ್ಪ, ಅವರು ಅತ್ತ ಹೋದದ್ದೇ ತಡ, "ಯಾರು ಬಾಯಮ್ಮ ಅದು?" ಎಂದು ಪಕ್ಕದಲ್ಲಿ ಕೂತಿದ್ದ ಬಾಯಮ್ಮನ ಕಿವಿಯಲ್ಲಿ ಪಿಸುಗುಟ್ಟಿದರು.

"ನಿಮ್ಮದೇ ಚಿಕ್ಕಮ್ಮನ ಮಗ ಮಾರಾಯ್ರೆ! ದುಬೈಗೆ ಹೋಗುವಾಗ ಮೀಸೆ ಇತ್ತು, ಈಗ ಇಲ್ಲ. ಅಷ್ಟೆ."

"ಮೀಸೆ ತೆಗೆದ್ರೆ ಗುರ್ತ ಸಿಗುವುದು ಹೇಗೆ?"

"ಈ ಗಂಡಸರಿಗೆ ಕಾರಿನ ಬಣ್ಣ ನೆನಪಿರ್ತದೆ, ಒಳಗೆ ಕೂತವರ ಮುಖ ಇಲ್ಲ" ಎಂದು ಬಾಯಮ್ಮ ತೀರ್ಪು ಕೊಟ್ಟೇಬಿಟ್ಟರು.

ನಾನೂ ನಗುತ್ತಿದ್ದೆ. ಆದರೆ ಒಳಗೊಳಗೇ ಸಂಕಟ. ನನಗೆ ಬುದ್ಧಿ ಬರುವ ಮೊದಲೇ ಅಮ್ಮ ತೀರಿಕೊಂಡಿದ್ದಳು. ಮದುವೆಯ ಫೋಟೋದಲ್ಲಿದ್ದದ್ದು ಪೌಡರು ಮೆತ್ತಿದ, ಹೆದರಿದ ಹುಡುಗಿ. ನನ್ನ ಅಮ್ಮ ನಕ್ಕರೆ ಹೇಗಿದ್ದಳು? ಅಪ್ಪನನ್ನು ಕೇಳಿದರೆ "ಚಂದ ಇದ್ದಳು" ಎನ್ನುತ್ತಿದ್ದರು. ಅಮ್ಮ ಮಾಡುತ್ತಿದ್ದ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿಯನ್ನು ಗಂಟೆಗಟ್ಟಲೆ ವರ್ಣಿಸುವ ಮನುಷ್ಯನಿಗೆ ಮುಖದ ಬಗ್ಗೆ ಮುಂದೆ ಮಾತೇ ಬಾರದು. ಸಿಟ್ಟೂ ಬರುತ್ತಿತ್ತು, ಪಾಪವೂ ಅನಿಸುತ್ತಿತ್ತು.

ಕೊನೆಗೆ ಬಾಯಮ್ಮನನ್ನೇ ಕೇಳಿದೆ.

"ಎಂತ ಹೇಳುವುದು ಮಗಾ! ನಗುವಾಗ ಬಲಗಣ್ಣು ಪೂರಾ ಮುಚ್ಚಿಹೋಗ್ತಿತ್ತು. ಎಡದ್ದು ಮಾತ್ರ ನಮ್ಮನ್ನು ನೋಡ್ತಿತ್ತು. ಕೆಳಗೆ ಒಂದು ಹಲ್ಲು ಅಡ್ಡ ಇತ್ತು. ಮೀನು ಕ್ಲೀನ್ ಮಾಡುವಾಗ ನಾಲಗೆ ಹೊರಗೆ!" ಎಂದವರು ನನ್ನ ಗಲ್ಲ ಎತ್ತಿ, "ಕಣ್ಣು ನಿನ್ನದೂ ಹಾಗೆಯೇ" ಎಂದರು.

ಆಮೇಲೆ ಕನ್ನಡಿಯ ಮುಂದೆ ನಿಂತು ಸುಮ್ಮಸುಮ್ಮನೆ ನಗುವುದೇ ನನ್ನ ಕೆಲಸವಾಯಿತು.

ನನ್ನ ಮದುವೆಯ ಮದರಂಗಿಯ ದಿನ ಗೆಳತಿಯರ ಕೀಟಲೆಗೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಬಾಯಮ್ಮ ಅಪ್ಪನನ್ನು ತೋಳು ಹಿಡಿದು ಎಳೆತಂದರು.

"ಈಗಲಾದರೂ ಸರಿಯಾಗಿ ನೋಡಿ ಮಾರಾಯ್ರೆ!"

ಅಪ್ಪ ನೋಡಿದರು. ನೋಡುತ್ತಲೇ ನಿಂತರು.

"ಹೌದಲ್ಲ ಬಾಯಮ್ಮ... ಅವಳ ಕಣ್ಣು ಹೀಗೇ ಮುಚ್ತಿತ್ತು."

ಬಾಯಮ್ಮ ಹೋದ ವರ್ಷ ತೀರಿಕೊಂಡರು. ನನಗೆ ಅಮ್ಮನನ್ನು ಕೊಟ್ಟವರು ಅವರು, ಆ ಋಣ ತೀರುವಂಥದ್ದಲ್ಲ. ಅಪ್ಪನಿಗೆ ಈಗಲೂ ದಾರಿಯಲ್ಲಿ ಸಿಕ್ಕವರ ಗುರುತು ಹತ್ತುವುದಿಲ್ಲ. ಆದರೆ ನನ್ನ ಗಂಡನ ಮನೆಗೆ ಬಂದಾಗಲೆಲ್ಲ ಏನಾದರೊಂದು ತಮಾಷೆ ಹೇಳಿ ನನ್ನನ್ನು ನಗಿಸಿ, ಎವೆಯಿಕ್ಕದೆ ನೋಡುತ್ತಾ ಕೂರುತ್ತಾರೆ.