ಒಡೆಯಲೇಬೇಕಾದ ಲೋಟ

ತನಗೆ ಬಹುಮಾನ ಬೇಕು ಎಂದು ಬಾಯಿಬಿಟ್ಟು ಹೇಳುವ ಧೈರ್ಯ ನಮ್ಮ ಗಾಜಿನ ಕಾರ್ಖಾನೆಯಲ್ಲಿ ಇದ್ದದ್ದು ಒಬ್ಬಳಿಗೇ. ಉಳಿದವರೆಲ್ಲ ವರ್ಷದ ಕೊನೆ ಹತ್ತಿರವಾಗುತ್ತಿದ್ದಂತೆ "ಅಯ್ಯೋ, ನನಗ್ಯಾಕೆ ಅದೆಲ್ಲ" ಎನ್ನುತ್ತಲೇ ಹೊಸ ಅಂಗಿ ಹೊಲಿಸುತ್ತಿದ್ದರು. ಒಲೆಯಕ್ಕ ಮಾತ್ರ ಸಂಘದ ಅಧ್ಯಕ್ಷರನ್ನು ದಾರಿಯಲ್ಲೇ ನಿಲ್ಲಿಸಿ, ಈ ಸಲವೂ ತನ್ನನ್ನು ಬಿಟ್ಟರೆ ನೆಟ್ಟಗಿರುವುದಿಲ್ಲ ಎಂದು ಹೇಳಿ ಬರುತ್ತಿದ್ದಳು. ಅವಳು ಈ ಮಳೆಗಾಲದಲ್ಲಿ ತೀರಿಕೊಂಡಳು. ಬರುವ ವಾರ ಸಂಘದ ಸಭೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಪಕ್ಕದ ಕುರ್ಚಿಯಲ್ಲಿ ಅವಳಿಲ್ಲದೆ ಕೂರಬೇಕು. ಅದಕ್ಕೆ ಮೊದಲು ಅವಳು ಗೆದ್ದದ್ದನ್ನು ಬರೆದುಬಿಡುತ್ತೇನೆ.

ಅವಳದು ತಣಿಸುವ ಒಲೆಯ ಕೆಲಸ. ಊದುವವರ ಕೊಳವೆಯಿಂದ ಕಳಚಿದ ಗಾಜು ಇನ್ನೂ ಕಾದಿರುವಾಗಲೇ ಆ ಒಲೆ ಸೇರಬೇಕು. ಹಾಗೇ ಗಾಳಿಗೆ ಬಿಟ್ಟರೆ ಹೊರಮೈ ಬೇಗ ಆರುತ್ತದೆ, ಒಳಗಿನದು ಹಿಂದೆ ಉಳಿಯುತ್ತದೆ, ಒಂದೇ ಲೋಟದೊಳಗೆ ಎಳೆದಾಟ ಶುರುವಾಗುತ್ತದೆ. ಅಂಥ ಲೋಟ ನೋಡಲು ಚೆನ್ನಾಗಿಯೇ ಇರುತ್ತದೆ. ಆಮೇಲೆ ಒಂದು ದಿನ, ಯಾರೋ ಬಿಸಿನೀರು ಹೊಯ್ದಾಗಲೋ, ಯಾರೂ ಮುಟ್ಟದೆ ಸುಮ್ಮನಿರುವಾಗಲೋ, ಟಿಕ್ಕೆಂದು ಸೀಳುತ್ತದೆ. ಒಲೆಯಕ್ಕ ಉರಿಯನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತ, ಆ ಜಗಳ ಬಿಡಿಸಿ, ಗಾಜನ್ನು ತಣ್ಣಗೆ ಹೊರಗೆ ಕಳಿಸುತ್ತಿದ್ದಳು. ಮಾಲು ಬೇಗ ಬೇಕೆಂದು ಒಲೆಯ ಮುಂದೆ ಬಂದು ಕುಣಿಯುವವರಿಗೆ ಅವಳದು ಒಂದೇ ಉತ್ತರ: "ನೀವೂ ಒಳಗೆ ಹೋಗಿ ಕೂತ್ಕೊಳ್ಳಿ. ನಿಮಗೂ ತಣಿಯೋದಿದೆ."

ನಾನು ಅದೇ ಕಾರ್ಖಾನೆಯಲ್ಲಿ ಗಾಜಿನ ಮೇಲೆ ಹೂಬಳ್ಳಿ, ಅಕ್ಷರ ಕೊರೆಯುವವಳು. ಅವಳನ್ನು ಅಕ್ಕ ಎಂದು ಕರೆದದ್ದರಿಂದ ಅವಳ ಗಂಡ ನನಗೆ ಭಾವ ಆದರು. ಭಾವ ಊದುವವರು, ಊರಿಗೇ ಹೆಸರಾದ ಕೈ. ಹಾಗೆಂದು ಸಂಘವೂ ಮೂರು ಸಲ ಒಪ್ಪಿತ್ತು. ನಮ್ಮ ಗಾಜಿನ ಕೆಲಸದವರ ಸಂಘ ವರ್ಷದ ಕೊನೆಯಲ್ಲಿ ಎಲ್ಲ ಕಾರ್ಖಾನೆಗಳಿಂದ ಒಬ್ಬರನ್ನು ಆರಿಸಿ ಗೌರವಿಸುತ್ತದೆ. ಆ ಗೌರವಕ್ಕೆ 'ವರ್ಷದ ಕೈ' ಎಂದು ಹೆಸರು. ಕೊಡುವುದೂ ಗಾಜಿನದೊಂದು ಅಂಗೈ, ನೆಟ್ಟಗೆ ನಿಂತದ್ದು. ಮಣಿಕಟ್ಟಿನ ಮೇಲೆ ಗೆದ್ದವರ ಹೆಸರು ಕೊರೆಯುವುದು ನನ್ನ ಪಾಲಿನ ಕೆಲಸ.

ಅವರ ಮನೆಯ ನಡುಕೋಣೆಯ ಗೋಡೆಯಲ್ಲಿ ಗಾಜಿನ ಬಾಗಿಲಿನ ಕಪಾಟಿತ್ತು. ಭಾವನ ಮೂರು ಕೈಗಳೂ ಅಲ್ಲಿ ಸಾಲಾಗಿ ನಿಂತಿದ್ದವು. ರಜೆಯ ದಿನ ಅವನ್ನು ಒರೆಸಿಡುತ್ತಿದ್ದವಳು ಅಕ್ಕನೇ. ಒರೆಸುತ್ತ, ನನಗೆ ಕೇಳುವಂತೆ, ಒಳಗಿದ್ದ ಗಂಡನಿಗೂ ಕೇಳುವಂತೆ ಹೇಳುತ್ತಿದ್ದಳು: "ಮನೇಲಿ ಇಷ್ಟೊಂದು ಕೈ ಇದಾವೆ, ಒಂದಾದ್ರೂ ಪಾತ್ರೆ ತೊಳೆಯತ್ತಾ ನೋಡು."

ಗಂಡನ ಮೇಲೆ ಅವಳಿಗೆ ಹೊಟ್ಟೆಕಿಚ್ಚು ಇತ್ತೇ ಎಂದರೆ, ಇತ್ತು. ಅದನ್ನು ಅವಳು ಮುಚ್ಚಿಟ್ಟದ್ದೂ ಇಲ್ಲ. ಪ್ರತಿ ವರ್ಷ ಅವಳ ಹೆಸರನ್ನು ನಾನು ಸಂಘಕ್ಕೆ ಕೊಡುತ್ತಿದ್ದೆ. ಪ್ರತಿ ವರ್ಷ ಅದು ಒಂದೇ ಕಾರಣಕ್ಕೆ ಬಿದ್ದುಹೋಗುತ್ತಿತ್ತು. ಸಭೆಯ ದಿನ ಸ್ಪರ್ಧೆಗೆ ನಿಂತ ಪ್ರತಿಯೊಬ್ಬರಿಗೂ ಒಂದು ಮೇಜು. ಆ ವರ್ಷ ತಮ್ಮ ಕೈಯಾರೆ ಮಾಡಿದ ವಸ್ತುವನ್ನು ಅದರ ಮೇಲೆ ಇಡಬೇಕು. ಒಲೆ ಕಾಯುವವಳು ಏನನ್ನು ಇಡುತ್ತಾಳೆ? ಎಲ್ಲ ಮೇಜಿನ ಮೇಲೆ ಇರುವುದೂ ತನ್ನ ಒಲೆಯಿಂದಲೇ ಬಂದದ್ದು ಎಂದು ಅವಳು ವಾದಿಸಿದಳು. ಅಧ್ಯಕ್ಷರು ಹಿಂದೆ ಸೀಸೆ ಊದಿಸುತ್ತಿದ್ದ ಮೇಸ್ತ್ರಿ, ಒಳ್ಳೆಯವರೇ. "ಕುಲುಮೆಗೆ ಉರಿ ಹಾಕೋನೂ ಅದನ್ನೇ ಹೇಳ್ತಾನಮ್ಮ. ಮರಳು ಹೊರೋನೂ ಹೇಳ್ತಾನೆ. ನಿಂದು ಅಂತ ನಾನು ಏನನ್ನ ನೋಡ್ಲಿ?" ಎಂದರು. ಆ ಮಾತಿಗೆ ಅವಳಲ್ಲಿ ಉತ್ತರವಿರಲಿಲ್ಲ. ಅವಳನ್ನು ವರ್ಷಗಟ್ಟಲೆ ಚುಚ್ಚಿದ್ದು ಆ ಉತ್ತರವಿಲ್ಲದಿದ್ದುದೇ.

ಕೊನೆಗೆ ಅವಳು ನಿವೃತ್ತಳಾಗುವ ವರ್ಷ ಬಂತು. ಆ ಸಲ ತಪ್ಪಿದರೆ ಮತ್ತೆ ಇಲ್ಲ. ಕೆಲಸ ಬಿಟ್ಟವರಿಗೆ ಮೇಜಿಲ್ಲ. ಊಟದ ಹೊತ್ತಿನಲ್ಲಿ ಒಂದು ದಿನ ನನ್ನ ಪಕ್ಕ ಬಂದು ಕುಳಿತವಳು ಬುತ್ತಿಯ ಮುಚ್ಚಳವನ್ನೂ ತೆಗೆಯಲಿಲ್ಲ. "ಲೇ, ಉತ್ತರ ಸಿಕ್ತು ಕಣೇ" ಎಂದಳು.

ಮಾಲು ಪರೀಕ್ಷಿಸುವ ಕೋಣೆಯಲ್ಲಿ ನಾವು ಬಣ್ಣದ ಪೆಟ್ಟಿಗೆ ಎಂದು ಕರೆಯುವ ಒಂದು ಸಾಧನವಿದೆ. ಕೆಳಗೆ ದೀಪ, ಮೇಲೆ ಒಂದರ ಎದುರು ಒಂದರಂತೆ ಎರಡು ಕಪ್ಪು ಗಾಜಿನ ಹಲಗೆ. ನಡುವೆ ಗಾಜು ಹಿಡಿದು ಇಣುಕಿದರೆ, ಸರಿಯಾಗಿ ತಣಿಯದ ಗಾಜಿನ ಒಳಗಿನ ಎಳೆದಾಟ ಕಾಮನಬಿಲ್ಲಿನ ಬಣ್ಣಗಳಾಗಿ ಕಾಣುತ್ತದೆ. ಚೆನ್ನಾಗಿ ತಣಿದದ್ದರಲ್ಲಿ ಏನೂ ಕಾಣುವುದಿಲ್ಲ, ಬರೀ ಕತ್ತಲು. ಆ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಜೊತೆಗೆ ಎರಡು ಲೋಟ ಇಡುವುದು ಅವಳ ಲೆಕ್ಕಾಚಾರ. ಎರಡನ್ನೂ ಭಾವನೇ ಊದಬೇಕು. ಒಂದು ಒಲೆ ಸೇರಬೇಕು, ಇನ್ನೊಂದು ಗಾಳಿಯಲ್ಲೇ ಆರಬೇಕು.

ಭಾವ ಕೆಂಡವಾದರು. ಜೀವಮಾನದಲ್ಲಿ ಬೇಕೆಂದೇ ಕೆಟ್ಟ ಮಾಲು ಮಾಡಿದವರಲ್ಲ. ಅದರ ಮೇಲೆ, ಆ ವರ್ಷ ಅವರೂ ಉದ್ದ ಕತ್ತಿನ ಹೂಜಿಯೊಂದನ್ನು ಊದಿ ಸ್ಪರ್ಧೆಗೆ ನಿಂತಿದ್ದರು. ಎದುರಾಳಿಗೆ ತಾವೇ ಕತ್ತಿ ಮಸೆದುಕೊಡಬೇಕೇ? ಎರಡು ದಿನ ಮುಖ ಊದಿಸಿಕೊಂಡು ಓಡಾಡಿದರು. ಮೂರನೆಯ ದಿನ ಅಕ್ಕ, ನಿಮ್ಮ ಹೂಜಿ ಇನ್ನೂ ನನ್ನ ಒಲೆಯೊಳಗೇ ಇದೆ ಎಂದು ನೆನಪಿಸಿದಳಂತೆ. ಅಂದೇ ಲೋಟಗಳನ್ನು ಊದಿಕೊಟ್ಟರು. ದಪ್ಪ ತಳದವು, ಒಂದರಂತೆ ಒಂದು. ಒಡೆದುಹೋದೀತೆಂದು ಒಲೆಗೆ ಹಾಕದ ಲೋಟ ನಾಲ್ಕು ಮಾಡಿಸಿಟ್ಟುಕೊಂಡಳು.

ಅಲ್ಲಿಂದ ಶುರುವಾಯಿತು ನೋಡಿ ಫಜೀತಿ. ಗಾಜು ಒಡೆಯದಂತೆ ನೋಡಿಕೊಳ್ಳುವುದರಲ್ಲೇ ತಲೆ ಹಣ್ಣಾದವಳು ಈಗ ಒಡೆಯಲೇಬೇಕಾದ ಲೋಟವನ್ನು, ಸಭೆಯವರೆಗೆ ಒಡೆಯದಂತೆ ಕಾಯಬೇಕು. ಒಂದು ಅದೇ ಸಂಜೆ ಸೀಳಿತು. ಮನೆಗೆ ತಂದ ಮೇಲೆ ಇನ್ನೊಂದು ಹೋಯಿತು. ಅಡುಗೆಮನೆಯಲ್ಲಿ ಮಗಳು ತಟ್ಟೆ ಬೀಳಿಸಿದ ಸದ್ದಿಗೇ ಮೂರನೆಯದು ಹೋಯಿತೆಂದು ಅಕ್ಕ ನಂಬಿದಳು. ಆಮೇಲೆ ಆ ಮನೆಯಲ್ಲಿ ಜೋರಾಗಿ ಸೀನುವಂತೆಯೂ ಇರಲಿಲ್ಲ. ಉಳಿದ ಒಂದನ್ನು ಉಣ್ಣೆಯ ಶಾಲಿನಲ್ಲಿ ಸುತ್ತಿ, ಗಾಳಿ ತಾಗದ ಮೂಲೆಯಲ್ಲಿಟ್ಟು, ಎದ್ದಾಗ ಕೂತಾಗ ನೋಡಿ ಬರುತ್ತಿದ್ದಳು. "ನನಗೆ ಜ್ವರ ಬಂದಾಗ ಇಷ್ಟು ಸಲ ನೋಡಿರ್ಲಿಲ್ಲ" ಎಂದು ಮಗಳು ನನ್ನ ಹತ್ತಿರ ದೂರಿದಳು.

ಸಭೆಯ ದಿನ ಆ ಲೋಟ ನನ್ನ ಪಕ್ಕ, ಅಕ್ಕನ ಮಡಿಲಲ್ಲಿ ಕುಳಿತು ಆಟೋದಲ್ಲಿ ಬಂತು. ರಸ್ತೆಯ ಪ್ರತಿ ಗುಂಡಿಗೂ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ಆಟೋದವರು ಕನಿಕರದಿಂದ ಕೇಳಿದರು.

ಸಭಾಂಗಣದಲ್ಲಿ ಸಾಲು ಮೇಜುಗಳು. ಹೂದಾನಿ, ದೀಪದ ಬುರುಡೆ, ಪ್ರಯೋಗಾಲಯದ ಸುರುಳಿ ಕೊಳವೆ, ಭಾವನ ಹೂಜಿ. ಈಚೆ ತುದಿಯ ಮೇಜಿನ ಮೇಲೆ ಅಕ್ಕನ ಪೆಟ್ಟಿಗೆ, ಎರಡು ಲೋಟ, ಒಂದು ಕೆಟಲಿನಲ್ಲಿ ಕುದಿನೀರು. ಅಧ್ಯಕ್ಷರು ಇನ್ನಿಬ್ಬರು ಹಿರಿಯರೊಡನೆ ಬಂದು ಪೆಟ್ಟಿಗೆಯಲ್ಲಿ ಇಣುಕಿದರು. ಹಿಂದೆ ಕುಟುಂಬಗಳೆಲ್ಲ ಕುತೂಹಲದಿಂದ ಗುಂಪುಗೂಡಿದವು. ಬಣ್ಣಗಳು ಮಿಂಚಿದ ಲೋಟ ಕಂಡು ಯಾರೋ, ಎಷ್ಟು ಚೆಂದದ ಕೆಲಸ ಎಂದೇಬಿಟ್ಟರು.

"ಅದಲ್ಲ" ಎಂದಳು ಅಕ್ಕ. "ಆ ಪಕ್ಕದ್ದು."

ಪಕ್ಕದ್ದರಲ್ಲಿ ಏನೂ ಕಾಣುತ್ತಿರಲಿಲ್ಲ.

ಅಧ್ಯಕ್ಷರಿಗೆ ಪೆಟ್ಟಿಗೆ ಹೊಸದಲ್ಲ. ಮೀಸೆಯಲ್ಲೇ ನಕ್ಕು, "ಸರಿಯಮ್ಮ. ಆದ್ರೆ ಲೋಟ ಊದಿದ್ದು ನಿನ್ನ ಗಂಡ. ಇದರಲ್ಲಿ ನಿನ್ನ ಕೈಯಾರೆ ಮಾಡಿದ್ದು ಯಾವುದು?" ಎಂದರು.

ಅವಳು ವರ್ಷಗಟ್ಟಲೆ ಕಾದಿದ್ದ ಪ್ರಶ್ನೆ. ಅವಸರ ಮಾಡಲಿಲ್ಲ.

"ಎರಡನ್ನೂ ಊದಿದ್ದು ಇವರೇ. ಒಂದೇ ಬೆಳಿಗ್ಗೆ, ಒಂದೇ ಗಾಜು, ಒಂದೇ ಉಸಿರು. ಒಂದು ನನ್ನ ಹತ್ರ ಬಂತು, ಒಂದು ಬರ್ಲಿಲ್ಲ. ಈಗ ಇವೆರಡರ ಮಧ್ಯೆ ಏನು ವ್ಯತ್ಯಾಸ ಇದೆ, ಅದು ನಾನು ಮಾಡಿದ್ದು. ಮೇಜಿನ ಮೇಲೆ ಇಟ್ಟಿರೋದೂ ಅದನ್ನೇ."

ಹೇಳಿ, ಎರಡಕ್ಕೂ ಕುದಿನೀರು ಹೊಯ್ದಳು.

ಒಳ್ಳೆಯ ಲೋಟ ನಿಂತಿತು. ಕೆಟ್ಟದ್ದೂ ನಿಂತಿತು. ಎರಡರಿಂದಲೂ ಹಬೆಯೇಳುತ್ತಿತ್ತು. ನಾವೆಲ್ಲ ಕತ್ತು ಚಾಚಿ ನೋಡಿದೆವು, ಏನೂ ಆಗಲಿಲ್ಲ. ಹಿಂದಿನಿಂದ ಯಾರೋ ಕಿಸಕ್ಕೆಂದರು, ಆಮೇಲೆ ಇನ್ನೊಬ್ಬರು. ಮನೆಯಲ್ಲಿ ತಟ್ಟೆಯ ಸದ್ದಿಗೇ ಒಂದು ಸೀಳಿತ್ತು, ಇಲ್ಲಿ ಇದು ಕುದಿನೀರಿಗೂ ಜಗ್ಗಲಿಲ್ಲ. ಅಕ್ಕ ಮಾತ್ರ ಸೊಂಟದ ಮೇಲೆ ಕೈಯಿಟ್ಟು, "ಇದೂ ನಮ್ಮ ಯಜಮಾನರ ಹಾಗೇ. ನಾಲ್ಕು ಜನರ ಎದುರಿಗೆ ನನ್ನ ಮಾತು ಕೇಳಲ್ಲ" ಎಂದಳು. ನಗು ಅವಳ ಕಡೆಗೆ ತಿರುಗಿತು. ಆದರೂ ಅಧ್ಯಕ್ಷರು ತಲೆದೂಗಿ ಮುಂದಿನ ಮೇಜಿಗೆ ನಡೆದರು. ಅವಳ ಕಣ್ಣು ಆ ಲೋಟವನ್ನು ಬಿಟ್ಟು ಕದಲಲಿಲ್ಲ.

ಅವರು ಭಾವನ ಹೂಜಿಯ ಮುಂದೆ ನಿಂತು ಕತ್ತಿನ ನಯವನ್ನು ಹೊಗಳುತ್ತಿದ್ದಾಗ ಕೇಳಿಸಿತು. ಟಿಕ್. ಸಣ್ಣ ಸದ್ದು, ಉಗುರು ಕಡಿದಷ್ಟು. ಆದರೆ ಆ ಸಭಾಂಗಣದಲ್ಲಿದ್ದವರೆಲ್ಲ ಗಾಜಿನವರು. ಆ ಸದ್ದಿಗೆ ನಿದ್ದೆಯಲ್ಲೂ ಎದ್ದು ಕೂರುವವರು. ಎಲ್ಲರ ಮಾತೂ ಒಮ್ಮೆಗೇ ನಿಂತಿತು. ತಿರುಗಿ ನೋಡಿದರೆ ಲೋಟ ತಳದಿಂದ ಅಂಚಿನವರೆಗೆ ಇಬ್ಭಾಗವಾಗಿ, ನೀರು ಮೇಜಿನ ಮೇಲೆ ಹರಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಪಕ್ಕದ ಲೋಟ ತನಗೇನೂ ಗೊತ್ತಿಲ್ಲದಂತೆ ಹಬೆ ಬಿಡುತ್ತ ನಿಂತಿತ್ತು.

ಆಗ ಭಾವ ಮಾಡಿದ್ದನ್ನು ನಾನು ಮರೆಯಲಾರೆ. ತಮ್ಮ ಹೂಜಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಅಧ್ಯಕ್ಷರನ್ನು ದಾಟಿ, ಹೆಂಡತಿಯ ಮೇಜಿಗೆ ಬಂದು ಅದನ್ನು ಪೆಟ್ಟಿಗೆಯ ಕಪ್ಪು ಹಲಗೆಗಳ ನಡುವೆ ಹಿಡಿದರು. ಕತ್ತಿನಿಂದ ತಳದವರೆಗೆ ಒಂದು ಎಳೆ ಬಣ್ಣವಿಲ್ಲ.

"ಊದಿದ್ದು ನಾನು. ಇಲ್ಲಿವರೆಗೆ ಬಂದಿದ್ದು ಇವಳಿಂದ" ಎಂದರು. ಹೂಜಿ ಇಳಿಸಿಟ್ಟು, "ಕಪಾಟಿನಲ್ಲಿರೋ ಮೂರೂ ಹಾಗೇ" ಎಂದರು.

ಮನೆಯಲ್ಲಿ ಈ ಮಾತನ್ನು ಅವರು ಎಂದೂ ಆಡಿದವರಲ್ಲ. ಅಷ್ಟು ಹೊತ್ತು ಕಲ್ಲಿನಂತೆ ನಿಂತಿದ್ದ ಅಕ್ಕ ಆಗ ಸೆರಗಿನಿಂದ ಮೇಜಿನ ನೀರು ಒರೆಸುವ ನೆವದಲ್ಲಿ ಮುಖ ಬಗ್ಗಿಸಿದಳು.

ಮೂವರು ಹಿರಿಯರು ಒಳಕೋಣೆಗೆ ಹೋಗಿ ಬರುವ ಪದ್ಧತಿ. ಆ ದಿನ ಹೋಗಲೇ ಇಲ್ಲ. ನಿಂತಲ್ಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಅಧ್ಯಕ್ಷರು ಅಲ್ಲಿಂದಲೇ ಅವಳ ಹೆಸರು ಕೂಗಿದರು. ಚಪ್ಪಾಳೆ ಮೊದಲು ಬಂದದ್ದು ಹಿಂದಿನ ಸಾಲಿನಿಂದ: ಮರಳು ಹೊರುವವರು, ಉರಿ ಹಾಕುವವರು, ಮಾಲು ಕಟ್ಟುವ ಹೆಂಗಸರು. ಆಮೇಲೆ ಊದುವವರೂ ಎದ್ದು ನಿಂತರು. ವೇದಿಕೆ ಹತ್ತಿದವಳು, ಇದಕ್ಕೆ ನಾನು ಅರ್ಹಳಲ್ಲ ಎಂದೆಲ್ಲ ಹೇಳಲಿಲ್ಲ. "ತಡ ಮಾಡಿದ್ರಿ. ಪರವಾಗಿಲ್ಲ, ತಡ ಮಾಡೋದೇ ನನ್ನ ಕೆಲಸ" ಎಂದಳು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಹೆಸರು ಕೊರೆಯಲು ಕೂತಾಗ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು. ಆಳವಾಗಿ ಕೊರಿ, ಗಂಡನ ಹೆಸರಿಗಿಂತ ಒಂದು ಕೂದಲಷ್ಟಾದರೂ ಆಳ ಇರಲಿ ಎಂದು ಅಪ್ಪಣೆಯಾಯಿತು. ಕೊರೆದೆ. ಆಮೇಲೆ ಆ ಗಾಜಿನ ಕೈಯನ್ನು ಪೆಟ್ಟಿಗೆಯಲ್ಲಿ ಹಿಡಿದು ನೋಡಿ, ಏನೂ ಕಾಣದ್ದನ್ನು ಕಂಡು, ತೃಪ್ತಿಯಿಂದ ಚೀಲಕ್ಕೆ ಹಾಕಿಕೊಂಡಳು.

ಕಪಾಟಿನಲ್ಲಿ ಗಂಡನ ಮೂರನ್ನು ಹಿಂದಕ್ಕೆ ಸರಿಸಿ ತನ್ನದನ್ನು ಮುಂದೆ ಇಟ್ಟಳು. ನಿವೃತ್ತಿಯ ಮೇಲೆ ಒರೆಸುವ ಕೆಲಸ ಭಾವನ ಪಾಲಾಯಿತು. ನಾಲ್ಕು ವರ್ಷ ಆ ವೈಭವ ಅನುಭವಿಸಿದಳು. ಮನೆಗೆ ಯಾರು ಬಂದರೂ, ಹಾಲು ಹಾಕುವವನೇ ಬಂದರೂ, ಆ ಕಪಾಟಿನ ಮುಂದೆ ನಿಲ್ಲದೆ ವಾಪಸು ಹೋದದ್ದಿಲ್ಲ.

ಮೊನ್ನೆ ಹೋಗಿದ್ದೆ. ಭಾವ ಇಳಿದುಹೋಗಿದ್ದಾರೆ. ಮಗಳು ಕಾಫಿ ತಂದಿಟ್ಟು ಒಳಗೆ ಹೋದಳು. ಅವರು ಮೆತ್ತನೆಯ ಬಟ್ಟೆಯಲ್ಲಿ ಕೈಗಳನ್ನು ಒರೆಸುತ್ತಿದ್ದರು, ಅವಳದನ್ನು ಮೊದಲು, ಬೆರಳು ಬೆರಳಿನ ಸಂದಿಯನ್ನೂ. ಒರೆಸಿ ಮತ್ತೆ ಮುಂದಿನ ಸಾಲಿನಲ್ಲೇ ಇಟ್ಟರು. ನಾಲ್ಕನ್ನೂ ಒಂದೇ ಸಾಲಿಗೆ ತಂದರೂ ಜಾಗವಿದೆಯಲ್ಲ ಎಂದೆ, ಏನಾದರೂ ಮಾತಾಡಬೇಕೆಂದು.

"ಬೇಡಮ್ಮ" ಎಂದರು ಭಾವ. "ಸಾಲಿಗೆ ತಂದ್ರೆ ಎಲ್ಲಿದ್ರೂ ಬಂದು ಬಯ್ತಾಳೆ."

ಆದರೂ ಎರಡನ್ನು ಮುಂದಕ್ಕೆ ಎಳೆದು ಅವಳದರ ಆಚೀಚೆ ಇಟ್ಟು ನೋಡಿದರು. ಬಯ್ಗುಳಕ್ಕೆ ಇಬ್ಬರೂ ಕಾದೆವು. ಆಮೇಲೆ ಮತ್ತೆ ಹಿಂದಕ್ಕೆ ಸರಿಸಿ ಕಪಾಟಿನ ಬಾಗಿಲು ಹಾಕಿದರು.