ಅರುವತ್ತು ಆಂಪಿಯರ್ ಅವರ್

ಮೊನ್ನೆ ಮೊಮ್ಮಗಳು ಹೊಸ ಪವರ್ ಬ್ಯಾಂಕ್ ತಂದಳು. ಸಾಬೂನಿನಷ್ಟು ದೊಡ್ಡದು. ಬೆನ್ನ ಮೇಲೆ ಹತ್ತು ಸಾವಿರ ಎಂಬ ಅಂಕಿ, ಪಕ್ಕದಲ್ಲಿ ಪುಟ್ಟ ಇಂಗ್ಲಿಷ್ ಅಕ್ಷರಗಳು. "ಅಜ್ಜಿ, ಇದೆಂತ ಲೆಕ್ಕ?" ಎಂದಳು. "ಮಿಲಿ ಆಂಪಿಯರ್ ಅವರ್. ಎಷ್ಟು ಕರೆಂಟನ್ನು ಎಷ್ಟು ಗಂಟೆ ಕೊಡ್ತದೆ ಅಂತ" ಎಂದೆ. ಜೀವಮಾನವಿಡೀ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದ ಅಜ್ಜಿಗೆ ಇದು ಹೇಗೆ ಗೊತ್ತು ಎಂದು ಅವಳು ಕೇಳಲಿಲ್ಲ. ನೀವೂ ಕೇಳಿಲ್ಲ, ಆದರೂ ಹೇಳುತ್ತೇನೆ.

ನಾನು ಮದುವೆಯಾಗಿ ಬೆಳ್ತಂಗಡಿ ಪಕ್ಕದ ಲಾಯಿಲಕ್ಕೆ ಬಂದ ವರ್ಷವೇ ಚೀನಾದ ಯುದ್ಧ ಶುರುವಾಯಿತು. ಗಂಡನ ತಮ್ಮ ವಾಸು ಸೈನ್ಯದಲ್ಲಿದ್ದ. ಎಲ್ಲೋ ಗಡಿಯಲ್ಲಿದ್ದಾನೆ ಎಂಬುದಷ್ಟೇ ಮನೆಗೆ ಗೊತ್ತು. ನಮ್ಮಲ್ಲಿಗೆ ಕರೆಂಟಿನ ಕಂಬ ಇನ್ನೂ ಬಂದಿರಲಿಲ್ಲ. ಹಾಡಿನ ಆಸೆಗೆ ಮಾವ ಕೊಂಡಿದ್ದ ವಾಲ್ವ್ ರೇಡಿಯೋ ನಡೆಯುತ್ತಿದ್ದದ್ದು ಕಾರಿನ ಬ್ಯಾಟರಿಯಂಥದ್ದೇ ಒಂದು ಬ್ಯಾಟರಿಯಿಂದ. ಅದು ಮುಗಿದರೆ ಗೋಣಿಚೀಲದ ಮೇಲೆ ಕೂರಿಸಿ ಬಂಟ್ವಾಳದ ಬಸ್ಸಿಗೆ ಹತ್ತಿಸಬೇಕು. ಅಲ್ಲಿಯ ಅಂಗಡಿಯಲ್ಲಿ ಚಾರ್ಜ್ ಆಗಿ ಮರುದಿನ ಸಂಜೆ ಬಸ್ಸಿನವರ ಕೈಯಲ್ಲೇ ವಾಪಸು. ಆ ಗೋಣಿಯ ತುಂಬ ಆಸಿಡ್ ತಿಂದ ತೂತುಗಳು.

ಯುದ್ಧ ಶುರುವಾದ ಮೇಲೆ ಅತ್ತೆ ಬೆಳಗ್ಗೆ ಒಲೆ ಹೊತ್ತಿಸುವ ಮೊದಲೇ ರೇಡಿಯೋ ಹಾಕುತ್ತಿದ್ದರು. ಹಿಂದಿ, ಇಂಗ್ಲಿಷ್, ಹಾಡು, ಹವಾಮಾನ, ಏನೇ ಬರಲಿ, ನಿಲ್ಲಿಸುವಂತಿಲ್ಲ. "ನಡುವಲ್ಲಿ ಎಂತಾದ್ರೂ ಹೇಳಿದ್ರೆ?" ಎನ್ನುತ್ತಿದ್ದರು. ಎರಡನೆಯ ದಿನಕ್ಕೇ ಅದರ ದನಿ ಕ್ಷೀಣಿಸುತ್ತಿತ್ತು. ನಾನು ಓದಿದ ಸೊಸೆಯಲ್ಲವೇ? ಬ್ಯಾಟರಿಯ ಮೈಮೇಲಿನ ಅರುವತ್ತು ಎಂಬ ಅಂಕಿಯನ್ನು ತೋರಿಸಿ, "ಅರುವತ್ತು ಗಂಟೆ ಬರಬೇಕಿತ್ತು" ಎಂದು ಸಾರಿಬಿಟ್ಟೆ. ಬಂಟ್ವಾಳದವ ಅರೆಬರೆ ಚಾರ್ಜ್ ಮಾಡಿ ಕಳಿಸುತ್ತಾನೆಂದು ಮನೆಯಲ್ಲಿ ತೀರ್ಮಾನವಾಯಿತು.

ಒಂದು ದಿನ ರೇಡಿಯೋದ ಹಿಂಬದಿಯ ಧೂಳು ಒರೆಸುವಾಗ ಅಲ್ಲೊಂದು ತಗಡು ಕಂಡಿತು. ಅದರ ಮೇಲೆ ಆರು ವೋಲ್ಟ್, ಮೂರು ಆಂಪಿಯರ್ ಎಂದಿತ್ತು. ಹೈಸ್ಕೂಲಿನ ಪಾಠ ಆಗ ನೆನಪಾಯಿತು. ಅರುವತ್ತು ಎಂದರೆ ಆಂಪಿಯರನ್ನೂ ಗಂಟೆಯನ್ನೂ ಗುಣಿಸಿ ಬಂದ ಲೆಕ್ಕ. ಒಂದು ಆಂಪಿಯರ್ ಎಳೆದರೆ ಅರುವತ್ತು ಗಂಟೆ, ಮೂರು ಎಳೆದರೆ ಇಪ್ಪತ್ತೇ ಗಂಟೆ. ನಮ್ಮದು ಹಳೆಯ ಬ್ಯಾಟರಿ, ಅಷ್ಟೂ ಸಿಗದು. ಬಂಟ್ವಾಳದವನ ತಪ್ಪೇನೂ ಇರಲಿಲ್ಲ.

ಕನ್ನಡ ವಾರ್ತೆಗೆ ಮಾತ್ರ ಹಾಕುವ ಎಂದು ಅತ್ತೆಗೆ ಹೇಳಿದೆ. ಅವರ ಮುಖ ಬಿಗಿಯಿತು.

"ನನ್ನ ಮಗನ ಸುದ್ದಿ ಬರುವ ಪೆಟ್ಟಿಗೆ ಬಂದ್ ಮಾಡ್ಲಿಕ್ಕೆ ಹೇಳ್ತೀಯಾ ನೀನು?"

ಆ ದಿನವಿಡೀ ರೇಡಿಯೋ ನಡೆಯುತ್ತಲೇ ಇತ್ತು. ಮರುದಿನ ಸಂಜೆ ವಾರ್ತೆ ಓದುವವರು, ನಮ್ಮ ಸೈನ್ಯ ಯಾವುದೋ ಊರಿನಿಂದ ಹಿಂದೆ ಸರಿದಿದೆ ಎಂದು ಹೇಳತೊಡಗಿದ್ದರು. ಊರಿನ ಹೆಸರು ಬರುವ ಮೊದಲೇ ರೇಡಿಯೋ ನಿಂತಿತು. ಅತ್ತೆ ಅದರ ಗುಂಡಿಯನ್ನು ತಿರುಗಿಸಿದರು, ಪೆಟ್ಟಿಗೆಗೆ ಬಡಿದರು, ಆಮೇಲೆ ನೆಲದ ಮೇಲೆ ಕುಳಿತುಬಿಟ್ಟರು. ಬ್ಯಾಟರಿ ಬಂಟ್ವಾಳಕ್ಕೆ ಹೋಗಿ ಬರುವವರೆಗೆ ಅವರು ಸರಿಯಾಗಿ ಊಟ ಮಾಡಲಿಲ್ಲ. ಅದು ಬಂದ ಸಂಜೆ ನಾನಿದ್ದಲ್ಲಿಗೆ ಬಂದು, "ಆ ಲೆಕ್ಕ ಒಮ್ಮೆ ಸರಿಯಾಗಿ ಹೇಳು, ಮಗಾ" ಎಂದರು.

ಹೇಳಿದೆ. ನನ್ನ ಯಾವ ವಿದ್ಯಾರ್ಥಿಯೂ ಅಷ್ಟು ಪ್ರಶ್ನೆ ಕೇಳಿದ್ದಿಲ್ಲ.

"ಸಣ್ಣ ದನಿಯಲ್ಲಿ ಇಟ್ರೆ ಉಳೀತದಾ?"

"ಹೆಚ್ಚೇನೂ ಇಲ್ಲ ಅತ್ತೆ. ಒಳಗಿನ ವಾಲ್ವ್ ಬಿಸಿಯಾಗ್ಲಿಕ್ಕೇ ತುಂಬಾ ಬೇಕು."

"ಮುಂದೆ ಒಂದು ಸಣ್ಣ ದೀಪ ಉಂಟಲ್ಲ?"

"ಅದೂ ಸ್ವಲ್ಪ ಎಳೀತದೆ."

ದೀಪವನ್ನು ಆಗಲೇ ತೆಗೆಸಿದರು. ಕತ್ತಲಲ್ಲೂ ಸ್ಟೇಷನ್ ಸಿಗಲೆಂದು ವೀಳ್ಯದ ಸುಣ್ಣವನ್ನು ಬೆರಳಲ್ಲಿ ತೆಗೆದು ಗಾಜಿನ ಮೇಲೆ ಒಂದು ಬೊಟ್ಟು ಇಟ್ಟರು. ಆಮೇಲೆ ಕೇಳಿದರು:

"ಹಾಗಾದ್ರೆ ಒಬ್ಬರು ಕೇಳಿದ್ರೂ ಹತ್ತು ಜನ ಕೇಳಿದ್ರೂ ಖರ್ಚು ಒಂದೇ?"

"ಒಂದೇ."

"ಮತ್ತೆ ನಾನೆಂತ ಕಿವಿ ಅಂಟಿಸಿ ಒಬ್ಬಳೇ ಕೂತದ್ದು? ದೊಡ್ಡ ದನಿ ಇಡು. ಐಸಮ್ಮನನ್ನು ಕರೀತೇನೆ."

ಐಸಮ್ಮ ರಸ್ತೆಯಾಚೆಯ ಮನೆಯವರು. ಅವರ ಮಗ ಹಮೀದ್ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದ. ಅಂದಿನಿಂದ ಅವರು ದಿನಾ ಬಂದು ಚಾವಡಿಯ ಕಂಬಕ್ಕೊರಗಿ ಕೂರುತ್ತಿದ್ದರು. ವಾರ್ತೆಯಲ್ಲಿ ಬರುವ ಪುಸ್ತಕದ ಕನ್ನಡ ಅವರಿಗೆ ಅರ್ಥವಾಗುತ್ತಿರಲಿಲ್ಲ. ರೇಡಿಯೋ ಬಂದ್ ಮಾಡಿದ ಮೇಲೆ ಅತ್ತೆ ಎಲ್ಲವನ್ನೂ ತುಳುವಿನಲ್ಲಿ ಹೇಳುತ್ತಿದ್ದರು. ಕೆಟ್ಟ ಸುದ್ದಿಯನ್ನು ಸ್ವಲ್ಪ ತೆಳ್ಳಗೆ ಮಾಡಿ ಹೇಳುತ್ತಿದ್ದರೆಂದು ನನಗೆ ಗೊತ್ತಿತ್ತು. ಮಾವ ತಮ್ಮ ಹಾಡುಗಳನ್ನು ಬಿಟ್ಟುಕೊಟ್ಟರು. ಬ್ಯಾಟರಿ ವಾರ ದಾಟಿಯೂ ಬಾಳಿತು.

ಕದನವಿರಾಮದ ಸುದ್ದಿಯನ್ನು ಹಾಗೆಯೇ, ಪೂರ್ತಿಯಾಗಿ ಕೇಳಿದೆವು. ಆದರೆ ಯಾರು ಬದುಕಿದ್ದಾರೆ ಎಂದು ವಾರ್ತೆಯಲ್ಲಿ ಹೇಳುವುದಿಲ್ಲವಲ್ಲ. ಚಳಿ ಕಳೆಯುವ ಹೊತ್ತಿಗೆ ವಾಸು ತಾನೇ ಬಂದು ಅಂಗಳದಲ್ಲಿ ನಿಂತ. ಹಿಮಕ್ಕೆ ಸಿಕ್ಕಿ ಎಡಗಾಲಿನ ಬೆರಳುಗಳು ಹೋಗಿದ್ದವು. ಅತ್ತೆ ಆ ಪಾದವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕುಳಿತರು. ಮಧ್ಯಾಹ್ನ ಅವನು ಹಾಡು ಕೇಳುವ ಎಂದು ರೇಡಿಯೋಕ್ಕೆ ಕೈ ಹಾಕಿದ.

"ಈಗ ಬೇಡ ವಾಸು. ಸಂಜೆಗೆ ಐಸಮ್ಮ ಬರ್ಲಿಕ್ಕುಂಟು. ಹಮೀದ್‌ನದ್ದು ಇನ್ನೂ ಗೊತ್ತಾಗ್ಲಿಲ್ಲ."

ತನ್ನ ಮಗ ಬಂದ ಮೇಲೂ ಅತ್ತೆ ಪ್ರತಿ ಸಂಜೆ ವಾರ್ತೆ ಹಾಕಿದರು, ಮುಗಿದ ತಕ್ಷಣ ನಿಲ್ಲಿಸಿದರು. ಸೆರೆ ಸಿಕ್ಕಿದವರನ್ನು ಚೀನಾದವರು ಬಿಡುತ್ತಿದ್ದಾರೆ ಎಂಬ ಸುದ್ದಿ ಬಂದ ದಿನ ತುಳುವಿನಲ್ಲಿ ಹೇಳಲು ಹೊರಟ ಅತ್ತೆ ಐಸಮ್ಮನ ಕೈ ಹಿಡಿದು ಅತ್ತುಬಿಟ್ಟರು. ನಾನೇ ಹೇಳಬೇಕಾಯಿತು. ಮಳೆಗಾಲಕ್ಕೆ ಮುಂಚೆ ಹಮೀದ್ ಬಂದ. ಬರೀ ಎಲುಬು, ಆದರೆ ನಡೆದುಕೊಂಡೇ ಬಂದ. ಆ ದಿನ ಅತ್ತೆ ಬೆಳಗ್ಗೆ ಹಾಕಿದ ರೇಡಿಯೋವನ್ನು ಯಾರೂ ನಿಲ್ಲಿಸಲಿಲ್ಲ. ತಾನಾಗಿ ನಿಲ್ಲುವವರೆಗೆ ಅದು ಹಾಡಿತು.

ಮೊಮ್ಮಗಳಿಗೆ ನಾನು ಹೇಳಿಕೊಟ್ಟದ್ದು ಭಾಗಾಕಾರ ಮಾತ್ರ. ಅವಳ ಫೋನಿಗೆ ಎಷ್ಟು ಸಲ ಸಾಕಾಗುತ್ತದೆಂದು ಲೆಕ್ಕ ಹಾಕಿ ಖುಷಿಯಾಗಿ ಹೋದಳು. ಇಷ್ಟು ಬರೆದ ಮೇಲೆ ಅದು ಸಾಲದು ಅನಿಸುತ್ತಿದೆ. ವಾಸು ಈಗ ಮೂಡುಬಿದಿರೆಯಲ್ಲಿ ಮಗಳ ಮನೆಯಲ್ಲಿದ್ದಾನೆ. ಕಿವಿ ಮಂದ, ಫೋನಿನಲ್ಲಿ ಮಾತಾಡಿದರೆ ಕೇಳುವುದಿಲ್ಲ. ಈ ಭಾನುವಾರ ಮೊಮ್ಮಗಳನ್ನು ಕರೆದುಕೊಂಡು ಹೋಗಿ, ಈ ಕತೆ ಕೇಳಲೆಂದು ಅವನ ಎದುರು ಕೂರಿಸುತ್ತೇನೆ.