ಪೂಜೆಗಿಟ್ಟ ಫ್ಲಾಪಿಗಳು

ನನ್ನದು ಹುಟ್ಟಾ ಅನುಮಾನದ ಬುದ್ಧಿ. ತರಕಾರಿಯವನು ತಕ್ಕಡಿ ಎತ್ತಿದರೆ ನಾನು ಮೊದಲು ತಟ್ಟೆಯ ಅಡಿ ನೋಡುತ್ತಿದ್ದೆ. "ನಿನ್ನ ಕಟ್ಕೊಳ್ಳೋನಿಗೆ ದೇವರೇ ಗತಿ ಕಣೇ" ಎಂದು ಅಮ್ಮ ಗೊಣಗುತ್ತಿದ್ದಳು. ಎಂಬತ್ತರ ದಶಕದ ನಡುವಿನಲ್ಲಿ ಪೀಣ್ಯದ ಒಂದು ಗೇರ್ ಕಾರ್ಖಾನೆಗೆ ಕಂಪ್ಯೂಟರ್ ಆಪರೇಟರ್ ಆಗಿ ಸೇರಿದೆ. ಅಲ್ಲಿ ಎಲ್ಲರದೂ ಇದೇ ಬುದ್ಧಿ ಎಂದು ತಿಳಿದಾಗ ನನಗೆ ಒಂಥರಾ ಸಮಾಧಾನವೇ ಆಯಿತು.

ನಾನಿನ್ನೂ ಪ್ರೊಬೇಷನ್‌ನಲ್ಲಿದ್ದೆ. ದಸರಾ ಕಳೆದ ಮೇಲೆ ಕೆಲಸ ಖಾಯಂ ಆಗಬೇಕಿತ್ತು. ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು, ಆ ವರ್ಷವೇ ನಿವೃತ್ತಿ. ನಿವೃತ್ತಿಯಾದರೆ ಕ್ವಾರ್ಟರ್ಸ್ ಬಿಡಬೇಕು, ಬಿಟ್ಟರೆ ಬಾಡಿಗೆ ಮನೆ ಹಿಡಿಯಬೇಕು. ಅಪ್ಪ ದಿನಾ ಸಂಜೆ ಮಾತಿನ ನಡುವೆ ಏನೋ ನೆನಪಾದವರಂತೆ "ಖಾಯಂ ಆಯ್ತೇನಮ್ಮ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆ ಕೇಳಿದಾಗಲೆಲ್ಲ ನಾನು ಮಾತನ್ನು ಬೇರೆ ಕಡೆ ತಿರುಗಿಸುತ್ತಿದ್ದೆ.

ಕಂಪ್ಯೂಟರ್ ಇದ್ದದ್ದು ಒಂದೇ. ಗಾಜಿನ ಬಾಗಿಲಿನ ತಣ್ಣನೆಯ ಕೋಣೆಯಲ್ಲಿ ಅದು ಕೂತಿತ್ತು. ನಾವು ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ಅಲ್ಲಿಂದ ಕೇಬಲ್ ಎಳೆದು ಅಕೌಂಟ್ಸಿಗೆ, ಟೈಮ್ ಆಫೀಸಿಗೆ, ಸ್ಟೋರ್ಸಿಗೆ ಒಂದೊಂದು ಪರದೆ ಕೊಟ್ಟಿದ್ದರು. ಪ್ರತಿಯೊಬ್ಬರಿಗೂ ಇಡೀ ಯಂತ್ರ ತನ್ನೊಬ್ಬನದೇ ಅನ್ನಿಸುತ್ತಿತ್ತು. ಅದು ಹೇಗೆಂದು ಯಂತ್ರ ಕೂರಿಸಲು ಬಂದ ಎಂಜಿನಿಯರನ್ನು ಕೇಳಿದೆ. ಅವರು ನಕ್ಕು, "ಮದುವೆ ಪಂಕ್ತೀಲಿ ಸಾರು ಬಡಿಸೋನು ಇರ್ತಾನಲ್ಲಮ್ಮ, ಒಂದೊಂದು ಎಲೆಗೆ ಒಂದೊಂದು ಸೌಟು ಹಾಕ್ಕೊಂಡು ಹೋಗ್ತಾನೆ. ನೀವು ಕಲಸೋ ಅಷ್ಟರಲ್ಲಿ ವಾಪಸ್ ಬಂದಿರ್ತಾನೆ. ಇದೂ ಹಂಗೇ, ಬರೀ ಭಾಳ ಜೋರಾಗಿ ಓಡಾಡುತ್ತೆ" ಎಂದರು. ಬಡಿಸುವವನು ನನ್ನ ಎಲೆಯನ್ನು ಬೇಕೆಂದೇ ಬಿಟ್ಟು ಹೋದರೆ ಎಂದು ನನ್ನ ತಲೆಗೆ ಹೊಳೆಯಿತು.

ಸ್ಟೋರ್ಸಿನ ಗುಮಾಸ್ತರಿಗೆ ಆ ಕೇಬಲ್ ಕಂಡರೆ ಆಗುತ್ತಿರಲಿಲ್ಲ. ಅವರು ಮಾಕಳಿಯ ಕಡೆಯ ಒಕ್ಕಲು ಮನೆತನದವರು, ಅಪ್ಪನ ವಯಸ್ಸಿನವರು. ಅವರ ಹೊಲ ಹೋದ ಜಾಗದಲ್ಲೇ ಕಾರ್ಖಾನೆ ನಿಂತಿತ್ತು, ಅದಕ್ಕೆ ಬದಲಾಗಿ ಸಿಕ್ಕ ಕೆಲಸ ಅದು. "ಈ ವೈರ್‌ನಾಗೆ ನಾನ್ ಏನ್ ಮಾಡ್ತೀನೋ ಎಲ್ಲಾ ಅಲ್ಲಿಗೆ ಓಯ್ತದೆ ಅಲ್ವಾ? ಅಂಗಾದ್ರೆ ಅಲ್ಲಿಂದ ಇಲ್ಲಿಗೇನ್ ಬರ್ತದೆ?" ಎಂದು ನನ್ನನ್ನೇ ದುರುಗುಟ್ಟಿ ನೋಡಿದ್ದರು. ಒಮ್ಮೆ ಇಲಿ ಕೇಬಲ್ ಕಡಿದಿತ್ತು. ಇಲಿಯೇ ಎಂದು ಎಲ್ಲರೂ ಒಪ್ಪಿದರು, ನಾನು ಮಾತ್ರ ಅವರ ಮೇಜಿನ ಮೇಲಿದ್ದ ಕತ್ತರಿಯನ್ನು ನೋಡಿಕೊಂಡು ಬಂದೆ.

ಎಂಜಿನಿಯರು ಹೋಗುವಾಗ ಒಂದು ಮಾತನ್ನು ಒತ್ತಿ ಹೇಳಿದ್ದರು. ಕರೆಂಟು ಹೋದರೆ ಯಂತ್ರದ ತಲೆಯಲ್ಲಿರುವುದು ಅಳಿಸಿಹೋಗುತ್ತದೆ, ಒಳಗಿನ ಡಿಸ್ಕಿನಲ್ಲಿರುವುದು ಉಳಿಯುತ್ತದೆ. ಆದರೆ ಡಿಸ್ಕೂ ಒಂದು ದಿನ ಕೈಕೊಡುತ್ತದೆ. ಅದಕ್ಕೇ ಫ್ಲಾಪಿಗಳಲ್ಲಿ ನಕಲು ತೆಗೆಯಬೇಕು, ಒಂದು ಸೆಟ್ ಇಲ್ಲಿದ್ದರೆ ಇನ್ನೊಂದು ಬೇರೆಲ್ಲಾದರೂ ಇರಬೇಕು. ಆಗಿನ ಫ್ಲಾಪಿಗಳು ಊಟದ ತಟ್ಟೆಯಷ್ಟು ಅಗಲ, ಹಪ್ಪಳದಷ್ಟು ತೆಳು. ನಾನು ಪ್ರತಿ ಶನಿವಾರ ಎರಡು ಸೆಟ್ ನಕಲು ಮಾಡುತ್ತಿದ್ದೆ. ಮ್ಯಾನೇಜರು ಎರಡನ್ನೂ ಒಂದೇ ಬೀರುವಿನಲ್ಲಿಟ್ಟು ಬೀಗದಕೈಯನ್ನು ತಮ್ಮ ಜೇಬಿಗೆ ಹಾಕಿಕೊಳ್ಳುತ್ತಿದ್ದರು. "ಬೇರೆ ಕಡೆ ಅಂದ್ರೆ ಯಾರ ಹತ್ರ ಇಡ್ಲಮ್ಮ? ಯಾರನ್ನ ನಂಬ್ಲಿ?" ಎನ್ನುತ್ತಿದ್ದರು.

ಆಯುಧಪೂಜೆ ಬಂತು. ಕಾರ್ಖಾನೆಯಲ್ಲಿ ಲೇತಿನಿಂದ ಹಿಡಿದು ಸ್ಪ್ಯಾನರ್‌ವರೆಗೆ ಎಲ್ಲಕ್ಕೂ ಕುಂಕುಮ, ಹೂವು. ಕಂಪ್ಯೂಟರ್ ಕೋಣೆಯ ಪೂಜೆಯನ್ನು ಮ್ಯಾನೇಜರು ತಾವೇ ಮಾಡುವುದಾಗಿ ಹೇಳಿದರು. ಬೀರುವಿನಿಂದ ಎರಡೂ ಸೆಟ್ ಫ್ಲಾಪಿ ಹೊರಬಂದವು. ಒಂದು ಸೆಟ್ ಒಳಗೇ ಇರಲಿ ಎಂದು ನಾನು ಹೇಳಿದ್ದಕ್ಕೆ, "ಒಂದಕ್ಕೆ ಪೂಜೆ, ಒಂದಕ್ಕೆ ಇಲ್ಲ ಅಂದ್ರೆ ಏನಮ್ಮ ಅರ್ಥ? ಅಪಶಕುನ" ಎಂದು ನನ್ನ ಬಾಯಿ ಮುಚ್ಚಿಸಿದರು. ಚಾಮುಂಡಿಯ ಪಟದ ಮುಂದೆ ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿದರು. ಅಷ್ಟರಲ್ಲಿ ಗೇಟಿನ ಹತ್ತಿರ ರಂಗೋಲಿ ಹಾಕಲು ನನಗೆ ಬುಲಾವ್ ಬಂತು. ನಾನು ವಾಪಸಾದಾಗ ಪಟದ ಕುತ್ತಿಗೆಯವರೆಗೂ ಚೆಂಡುಹೂವು ತುಂಬಿತ್ತು, ಮಂಗಳಾರತಿ ಮುಗಿದಿತ್ತು. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿ ಕಳೆಯುವ ತನಕ ಮುಟ್ಟುವಂತಿಲ್ಲ. ಕೋಣೆಗೆ ಬೀಗ ಹಾಕಿ ಎಲ್ಲರೂ ಬೂಂದಿ ಪೊಟ್ಟಣ ಹಿಡಿದು ಮನೆಗೆ ಹೋದೆವು.

ರಜೆ ಮುಗಿಸಿ ಬಂದ ದಿನ ನಾನು ತಲುಪುವ ಮೊದಲೇ ಮ್ಯಾನೇಜರು ಕೋಣೆ ತೆರೆದು, ಹೂವು ತೆಗೆಸಿ, ಫ್ಲಾಪಿಗಳನ್ನು ಬೀರುವಿನೊಳಗೆ ಇಟ್ಟಿದ್ದರು. ಯಂತ್ರ ಹಚ್ಚಿದೆ. ಒಳಗಿನ ಡಿಸ್ಕು ಕರಕರ ಎಂದು ಸುಮ್ಮನಾಯಿತು. ಎಂಜಿನಿಯರು ಬಂದು ಬೇರೆ ಡಿಸ್ಕು ಹಾಕಿ, "ನಕಲು ಕೊಡಮ್ಮ, ತುಂಬಿಸಿಬಿಡೋಣ" ಎಂದರು. ಮೊದಲ ಫ್ಲಾಪಿ ಓದಲಿಲ್ಲ. ಎರಡನೆಯದೂ ಇಲ್ಲ. ಇನ್ನೊಂದು ಸೆಟ್ಟಿನದೂ ಅದೇ ಹಾಡು. ಅಕೌಂಟ್ಸಿನದೂ ಟೈಮ್ ಆಫೀಸಿನದೂ ಪುಸ್ತಕಗಳಲ್ಲಿತ್ತು, ಸ್ಟೋರ್ಸಿನ ಇಡೀ ಸ್ಟಾಕಿನ ಲೆಕ್ಕ ಗಾಳಿಗೆ ಹೋಗಿತ್ತು.

"ಕುಂಕುಮ ಒಳಗೆ ಹೋಗಿದ್ರೆ ಗೀರು ಬಿದ್ದಿರ್ಬೇಕಿತ್ತು, ಗೀರೇ ಇಲ್ಲ. ಹತ್ರ ಎಲ್ಲಾದ್ರೂ ಅಯಸ್ಕಾಂತ ಇತ್ತಾ?" ಎಂದು ಎಂಜಿನಿಯರು ಕೇಳಿದರು. ಮ್ಯಾನೇಜರು ತಟ್ಟನೆ, "ಪೂಜೇಲಿ ಯಾರ್ರೀ ಅಯಸ್ಕಾಂತ ಇಡ್ತಾರೆ?" ಎಂದರು. ಆ ಉತ್ತರ ಬೇಗ ಬಂತು ಎಂದು ನನಗೆ ಅನ್ನಿಸಿತು. ನನಗೆ ಹಾಗೆ ಅನ್ನಿಸದೆ ಇರುವ ಉತ್ತರವೇ ಕಡಿಮೆ, ಆದ್ದರಿಂದ ತಳ್ಳಿಹಾಕಿದೆ.

ಮರುದಿನ ಮಧ್ಯಾಹ್ನ ಮ್ಯಾನೇಜರು ನನ್ನೊಬ್ಬಳನ್ನೇ ಕರೆದರು. "ನೋಡಮ್ಮ, ಇದು ಸ್ಟೋರ್ಸಿನೋರ ಕೆಲಸ. ಮೊದಲಿಂದ ಈ ಯಂತ್ರ ಕಂಡ್ರೆ ಅವರಿಗಾಗಲ್ಲ. ಕೋಣೆ ಹತ್ರ ಸುಳಿದಾಡ್ತಿದ್ರು ಅಂತ ನಾಲ್ಕು ಸಾಲು ಬರ್ಕೊಡು. ನಿನ್ನ ಖಾಯಂ ಕಾಗದ ನನ್ನ ಮೇಜಿನ ಮೇಲೇ ಇದೆ" ಎಂದರು. ನಿಜ ಹೇಳುತ್ತೇನೆ, ನನ್ನ ಅನುಮಾನವೂ ಗುಮಾಸ್ತರ ಮೇಲೆಯೇ ಇತ್ತು. ಆದರೆ ನಾನು ಅನುಮಾನಪಟ್ಟದ್ದನ್ನು ಇನ್ನೊಬ್ಬರು ಇಷ್ಟು ಸಲೀಸಾಗಿ ಒಪ್ಪಿಕೊಂಡರೆ ನನಗೆ ಅದರ ಮೇಲೂ ಅನುಮಾನ ಹುಟ್ಟುತ್ತದೆ. ನಾಳೆ ಕೊಡ್ತೀನಿ ಸಾರ್ ಎಂದು ಎದ್ದು ಬಂದೆ.

ಹಾಳಾದ ಫ್ಲಾಪಿಗಳು ಮೇಜಿನ ಮೇಲೇ ಬಿದ್ದಿದ್ದವು. ಎಲ್ಲಕ್ಕಿಂತ ಮೇಲಿದ್ದ ಫ್ಲಾಪಿಯ ಲಕೋಟೆಯ ಮೇಲೆ ಕುಂಕುಮ ಚೆಲ್ಲಾಡಿತ್ತು. ನಡುವೆ ಮಾತ್ರ ಬೆಂಕಿಪೊಟ್ಟಣಕ್ಕಿಂತ ಒಂದಿಷ್ಟು ದೊಡ್ಡದಾದ ಚೌಕ, ಬೆಳ್ಳಗೆ, ಒಂದು ಚೂರೂ ಕುಂಕುಮವಿಲ್ಲದೆ. ಅಲ್ಲಿ ಏನೋ ಕೂತಿತ್ತು. ಆರತಿ ತಟ್ಟೆ ದುಂಡಗೆ, ದೀಪದ ಬುಡ ದುಂಡಗೆ, ತೆಂಗಿನಕಾಯಿ ಹೋಳೂ ದುಂಡಗೆ. ಪೂಜೆಯಲ್ಲಿ ಚೌಕವಾಗಿರುವುದು ಏನಿದೆ? ಲಕೋಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನೆಟ್ಟಗೆ ಸ್ಟೋರ್ಸಿಗೆ ಹೋದೆ.

ಗುಮಾಸ್ತರು ತಲೆ ಎತ್ತಲಿಲ್ಲ. ನಾನು ಕಪಾಟಿನ ಸಾಲು ಸಾಲನ್ನೂ ನೋಡುತ್ತಾ ಹೋದೆ. ಅಳತೆ ಸಾಮಾನುಗಳ ಕಡೆ ಡಯಲ್ ಗೇಜ್ ನಿಲ್ಲಿಸುವ ಸ್ಟ್ಯಾಂಡು ಕಂಡಿತು. ಯಂತ್ರದ ಕಬ್ಬಿಣಕ್ಕೆ ಕಚ್ಚಿಕೊಳ್ಳಲೆಂದು ಅದರ ಚೌಕನೆಯ ಬುಡದಲ್ಲೇ ಅಯಸ್ಕಾಂತವಿರುತ್ತದೆ. ಪಕ್ಕದ ಗುಂಡಿಯನ್ನು ತಿರುಗಿಸಿದರೆ ಕಚ್ಚುತ್ತದೆ, ಹಿಂದಕ್ಕೆ ತಿರುಗಿಸಿದರೆ ಬಿಡುತ್ತದೆ. ಬುಡದ ಮೂಲೆಯಲ್ಲಿ ಇನ್ನೂ ಕೆಂಪಗೆ ಕುಂಕುಮ. ಲಕೋಟೆಯ ಮೇಲೆ ಇಟ್ಟು ನೋಡಿದೆ. ಬಿಳಿ ಚೌಕ ಪೂರ್ತಿ ಮುಚ್ಚಿಹೋಯಿತು.

"ಸಿಕ್ಕಿಬಿದ್ರಿ ಅಣ್ಣ" ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನಾನಾ? ಪೂಜೆ ದಿನ ನಿಮ್ ಮ್ಯಾನೇಜರ್ ಸಾಯೇಬ್ರೇ ಬಂದು ಇಸ್ಕೊಂಡೋದ್ರು ಕಣಮ್ಮ. ಪಟ ಜಾರ್ತದೆ, ಮುಂದ್ಗಡೆ ಒತ್ತು ಕೊಡಕ್ಕೆ ಭಾರವಾಗಿರೋದು ಏನಾದ್ರೂ ಕೊಡಿ ಅಂದ್ರು. ರಜಾ ಮುಗ್ದ ಬೆಳಿಗ್ಗೆ ಅವ್ರೇ ತಂದ್ಕೊಟ್ರು. ಯಾಕೆ, ಇದಕ್ಕೂ ಅದಕ್ಕೂ ಏನ್ ಸಂಬಂಧ?"

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಮ್ಯಾನೇಜರು ಮೆಷಿನ್ ಶಾಪಿನಿಂದಲೇ ಮೇಲೆ ಬಂದವರು. ಆ ಸ್ಟ್ಯಾಂಡನ್ನು ಎಲ್ಲಿ ಇಟ್ಟರೂ ಅವರ ಹೆಬ್ಬೆರಳು ತಾನಾಗಿಯೇ ಗುಂಡಿ ತಿರುಗಿಸುತ್ತದೆ. ಅದು ಕೈಗೆ ಅಂಟಿದ ಅಭ್ಯಾಸ. ಪಟದ ಮುಂದೆ, ಹೂವಿನ ಮರೆಯಲ್ಲಿ, ಫ್ಲಾಪಿಗಳ ರಾಶಿಯ ಮೇಲೆ ಕೂತು ರಜೆಯುದ್ದಕ್ಕೂ ಅದು ಒಳಗಿನ ಬರಹವನ್ನೆಲ್ಲ ಹಾಳುಗೆಡವಿತ್ತು. ಎರಡೂ ಸೆಟ್ ಅದರ ಅಡಿಯಲ್ಲೇ ಇದ್ದವು. ಇದನ್ನೆಲ್ಲ ಬಿಡಿಸಿ ಹೇಳಿದೆ.

ಗುಮಾಸ್ತರು ಸ್ಟ್ಯಾಂಡಿನ ಗುಂಡಿಯನ್ನು ಒಮ್ಮೆ ಆಚೆ, ಒಮ್ಮೆ ಈಚೆ ತಿರುಗಿಸಿದರು. ಆಮೇಲೆ "ನೀನು ಬೇಕಂತ್ಲೇ ಅಳ್ಸಾಕಿದೀಯ ಅಂತ ಬರ್ಕೊಡಿ ಅಂತ ನಿನ್ನೆ ನನಗ್ ಯೋಳವ್ರೆ. ಕೊಟ್ರೆ ನಮ್ಮುಡುಗನ್ನ ಕೆಲಸಕ್ ತಗೋತಾರಂತೆ" ಎಂದರು.

ನಿನ್ನೆ. ಅಂದರೆ ನನಗೆ ಹೇಳುವ ಮೊದಲೇ! ನನಗೆ ಬಂದ ಸಿಟ್ಟಿಗೆ ಕಣ್ಣಲ್ಲಿ ನೀರೇ ಬಂತು. ಆಪರೇಟರು ಬೀದಿಗೆ ಬೀಳಲಿ, ಇಲ್ಲ ಗುಮಾಸ್ತರು ಬೀಳಲಿ, ತನಗೆ ಎರಡೂ ಒಂದೇ ಎಂದು ಲೆಕ್ಕ ಹಾಕಿದ್ದ ಆ ಮನುಷ್ಯ. "ಬರ್ಕೊಟ್ರಾ?" ಎಂದು ಕೇಳಿದೆ. "ಬರೆಯೋದ್ರಾಗಿದ್ದೆ" ಎಂದರು, ತಲೆ ತಗ್ಗಿಸಿ. ನಾನೂ ಮೇಲೆ ನೋಡಲಿಲ್ಲ.

ಇಬ್ಬರೂ ಒಟ್ಟಿಗೇ ಮ್ಯಾನೇಜರ ಕೋಣೆಗೆ ಹೋದೆವು. ನಾನು ಸ್ಟ್ಯಾಂಡನ್ನು ಅವರ ಉಕ್ಕಿನ ಮೇಜಿನ ಮೇಲಿಟ್ಟು ಗುಂಡಿ ತಿರುಗಿಸಿದೆ. ಟಪ್ ಎಂದಿತು. "ಎತ್ತಿ ನೋಡಿ ಸಾರ್" ಎಂದೆ. ಅವರು ಎತ್ತಲಿಲ್ಲ. ಸ್ಟ್ಯಾಂಡನ್ನು ನೋಡಿದರು, ಜೊತೆಯಲ್ಲಿ ನಿಂತಿದ್ದ ನಮ್ಮಿಬ್ಬರನ್ನೂ ನೋಡಿದರು. ಅವರಿಗೆ ಮೊದಲೇ ಗೊತ್ತಿತ್ತೋ, ಆ ಕ್ಷಣ ಗೊತ್ತಾಯಿತೋ, ಇವತ್ತಿಗೂ ನಾನು ತೀರ್ಮಾನಿಸಿಲ್ಲ. "ವೋಲ್ಟೇಜ್ ಏರಿಳಿತ ಅಂತ ಬರೆಯೋಣ. ಯಾರ ಹೆಸರೂ ಬೇಡ" ಎಂದು ಕೊನೆಗೆ ಹೇಳಿದರು. ಆ ವಾರ ನನ್ನ ಕಾಗದ ಬಂತು. ಅಪ್ಪ ಅದನ್ನು ದೇವರ ಮುಂದಿಟ್ಟರು. ಕುಂಕುಮ ಹಚ್ಚಲು ಹೋದಾಗ ನಾನು ಕೈ ಹಿಡಿದೆ.

ಸ್ಟಾಕನ್ನು ಮತ್ತೆ ಮೊದಲಿನಿಂದ ಎಣಿಸಬೇಕಾಯಿತು. ಗುಮಾಸ್ತರು ಕಪಾಟಿನ ಮುಂದೆ ನಿಂತು ಕೂಗುತ್ತಿದ್ದರು, ನಾನು ಅವರದೇ ಪರದೆಯ ಮುಂದೆ ಕೂತು ಒತ್ತುತ್ತಿದ್ದೆ. ಅವರು ನಡುನಡುವೆ ಬಂದು, ನಾನು ಸರಿಯಾಗಿ ಹಾಕಿದೆನೇ ಎಂದು ಬಗ್ಗಿ ನೋಡುತ್ತಿದ್ದರು. ನಾನೂ ಎದ್ದು ಹೋಗಿ ಅವರು ಸರಿಯಾಗಿ ಎಣಿಸಿದರೇ ಎಂದು ನೋಡುತ್ತಿದ್ದೆ.

ಮುಂದಿನ ವರ್ಷ ಆಯುಧಪೂಜೆಯ ದಿನ ಪಟದ ಮುಂದೆ ಫ್ಲಾಪಿ ಇಟ್ಟೆ. ಮ್ಯಾನೇಜರು ಕುಂಕುಮದ ಬಟ್ಟಲು ಹಿಡಿದು ನಿಂತವರು, "ಇನ್ನೊಂದು ಸೆಟ್ ಎಲ್ಲಮ್ಮ?" ಎಂದು ಕೇಳಿದರು. ಅದು ಮಾಕಳಿಯಲ್ಲಿ, ಗುಮಾಸ್ತರ ಮನೆಯ ಮರದ ಪೆಟ್ಟಿಗೆಯಲ್ಲಿ, ಅವರ ಹೆಂಡತಿಯ ರೇಷ್ಮೆ ಸೀರೆಯ ಕೆಳಗೆ ಇತ್ತು. ನಾನು ಗುಮಾಸ್ತರ ಕಡೆ ನೋಡಿದೆ. ಅವರು ಸೂರು ನೋಡುತ್ತಿದ್ದರು.

"ಇದೆ ಸಾರ್" ಎಂದೆ. ಮ್ಯಾನೇಜರು ಬಟ್ಟಲಿನಲ್ಲಿ ಬೆರಳದ್ದಿ ಪಟದ ಕಡೆ ತಿರುಗಿದರು.